ಆಕೆಯ ಮೇಲೆ ಮಾತ್ರ ಬಿಸಿಲಿತ್ತು

ಏಪ್ರಿಲ್ ೨೧, ರಾತ್ರಿ ೮:೪೦. ಮಸಗುಪ್ಪಿ.

ನನ್ನ ಡೈರಿಯಲ್ಲಿ ಆ ದಿನದ ಪುಟ ಹೀಗೆ ಶುರುವಾಗುತ್ತದೆ. ಮುಂದೆ ಬರೆಯುವುದೆಲ್ಲ ನಡೆದದ್ದೇ. ನಂಬಿ ಎಂದು ಯಾರನ್ನೂ ಬೇಡಿಕೊಳ್ಳುವುದಿಲ್ಲ. 'ನಿನಗೆ ಭ್ರಮೆ' ಎನ್ನುವವರು ಮೊದಲು ಪೂರ್ತಿ ಓದಿ, ಆಮೇಲೆ ಅನ್ನಿ.

ನಾನು ಶೈಲಾ. ಮೂಡಲಗಿಯ ಒಂದು ಸ್ಟುಡಿಯೊದಲ್ಲಿ ವಿಡಿಯೊ ತೆಗೆಯುವ ಕೆಲಸ. ಗೋಕಾಕ, ಹುಕ್ಕೇರಿ ಕಡೆಗೂ ಹೋಗುತ್ತೇನೆ. ಮದುವೆಯ ಹಿಂದಿನ ರಾತ್ರಿ ಅರಿಶಿಣ ಹಚ್ಚುವಾಗ ನಡುಮನೆಯಲ್ಲಿ ಬರೀ ಹೆಂಗಸರು. ಅಲ್ಲಿಗೆ ಗಂಡಸು ಬೇಡವೆಂದು ನನ್ನನ್ನು ಕರೆಯುತ್ತಾರೆ. ನನ್ನ ಲೆಕ್ಕದಲ್ಲಿ ಅದು ಅರವತ್ತಮೂರನೇ ಅರಿಶಿಣ. ಹಿಂದಿನ ಅರವತ್ತೆರಡರಲ್ಲಿ ಒಮ್ಮೆಯೂ ಹೆದರಿರಲಿಲ್ಲ.

ಮದುಮಗಳು ಸುವರ್ಣಾ. ಅವಳು ಶಾಲೆಗೆ ಹೋಗುತ್ತಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಬೆಳೆಸಿದವರು ಚಿಕ್ಕಪ್ಪ, ಚಿಕ್ಕಮ್ಮ; ಅವಳ ಬಾಯಲ್ಲಿ ಕಾಕಾ ಮತ್ತು ಕಾಕು.

ನಡುಮನೆಗೆ ಕಿಟಕಿಯಿಲ್ಲ. ಟ್ಯೂಬ್‌ಲೈಟ್ ಕೆಟ್ಟಿತ್ತು. ಹಳೆಯ ಹಳದಿ ಬಲ್ಬು ಎರಡೇ. ಇಂಥ ಕಡೆ ನಾನು ವೈಟ್ ಬ್ಯಾಲೆನ್ಸನ್ನು ಕ್ಯಾಮೆರಾಕ್ಕೆ ಬಿಡುವುದಿಲ್ಲ, ಕೈಯಿಂದಲೇ ಹೊಂದಿಸುತ್ತೇನೆ. ಬಲ್ಬಿನ ಕೆಳಗೆ ಬಿಳಿ ಹಾಳೆ ಹಿಡಿಸಿ ಬಟನ್ ಒತ್ತಿದರೆ 'ಇದೇ ಬಿಳಿ' ಎಂದು ಕ್ಯಾಮೆರಾ ಒಪ್ಪಿಕೊಳ್ಳುತ್ತದೆ. ಆಮೇಲೆ ಹಳದಿ ಬೆಳಕಿನಲ್ಲೂ ಮುಖಗಳು ಸಹಜವಾಗಿ ಕಾಣುತ್ತವೆ. ಒಂದು ಮಾತು ನೆನಪಿಡಿ: ಹಾಗೆ ಹೊಂದಿಸಿದ ಮೇಲೆ ಹೊರಗಿನ ಬಿಸಿಲು ಒಳಗೆ ಬಿದ್ದರೆ, ಆ ಬಿಸಿಲು ನೀಲಿಯಾಗಿ ಕಾಣುತ್ತದೆ.

ಹಾಳೆ ಹಿಡಿದವರು ಕಾಕು. ಕೈತುಂಬ ಅರಿಶಿಣ.

"ಇದಕ್ಕೂ ಹಚ್ಚೂಣೇನವಾ? ಈ ಹಾಳಿ ಲಗ್ನ ಯಾವಾಗ?"

ಎಲ್ಲರೂ ನಕ್ಕರು. ಹಾಳೆಯ ಮೂಲೆಯಲ್ಲಿ ಅವರ ಹೆಬ್ಬೆರಳಿನ ಹಳದಿ ಗುರುತು ಬಿತ್ತು. ನಾನು ಹಾಳೆಯ ನಡುಭಾಗಕ್ಕೆ ಜೂಮ್ ಮಾಡಿ ಬಟನ್ ಒತ್ತಿದೆ. ಬಣ್ಣ ಸರಿಹೋಯಿತು.

ಹೆಂಗಸರು ಪದ ಹಾಡಲು ಶುರುಮಾಡಿದರು. ಸುವರ್ಣಾ ತಲೆ ತಗ್ಗಿಸಿ ಮಣೆಯ ಮೇಲೆ ಕೂತಿದ್ದಳು. ಬಳೆಗಳ ಸದ್ದು, ಎಣ್ಣೆ–ಅರಿಶಿಣದ ಘಾಟು...

೯:೧೨ಕ್ಕೆ ಸ್ಕ್ರೀನಿನ ಎಡ ಅಂಚಿನಲ್ಲಿ ಏನೋ ನೀಲಿ ಕಂಡಿತು.

"ಯಾರ್ರಿ ಅದು, ಮೊಬೈಲ್ ಬ್ಯಾಟರಿ ಬೆಳಕ ಆರಸ್ರಿ," ಎಂದೆ.

"ಯಾರ್ ಹಚ್ಚ್ಯಾರವಾ?" ಎಂದರು ಕಾಕು. "ಎಲ್ಲಾರ ಕೈಯೂ ಅರಿಶಿಣದಾಗ ಅದಾವು!"

ತಲೆಯೆತ್ತಿ ನೋಡಿದೆ. ಆ ಮೂಲೆಯಲ್ಲಿ ಜೋಳದ ಚೀಲಗಳು. ಯಾರೂ ಇಲ್ಲ.

ಮತ್ತೆ ಸ್ಕ್ರೀನ್ ನೋಡಿದೆ.

ಚೀಲಗಳ ಮುಂದೆ ಒಬ್ಬ ಹೆಂಗಸು ನಿಂತಿದ್ದಳು.

ಉಳಿದವರೆಲ್ಲ ಇದ್ದ ಬಣ್ಣದಲ್ಲೇ ಇದ್ದರು. ಆಕೆಯೊಬ್ಬಳು ಮಾತ್ರ ನೀಲಿ. ಸೀರೆ, ಮುಖ, ಎತ್ತಿದ ಕೈ... ಎಲ್ಲವೂ. ಬಲಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಸುಡು ಬಿಸಿಲಿನಲ್ಲಿ ದೂರದ ದಾರಿ ನೋಡುವವರ ಹಾಗೆ. ಎಲ್ಲರ ನೆರಳು ಗೋಡೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಆಕೆಯ ನೆರಳು ಕಾಲಬುಡದಲ್ಲಿ ಮುದುಡಿಕೊಂಡಿತ್ತು. ನೆತ್ತಿಯ ಮೇಲೆ ಸೂರ್ಯನಿದ್ದಾಗ ಬೀಳುವ ನೆರಳು.

ಆ ಹೊತ್ತಿಗೇ ವಾಸನೆ ಬಂತು. ಅರಿಶಿಣದ್ದಲ್ಲ. ಬಿಸಿಲಿಗೆ ಹಾಕಿದ ಹಸಿ ಶಾವಿಗೆಯ ವಾಸನೆ.

ಹೆದರಿದೆ. ಆದರೂ ಕ್ಯಾಮೆರಾ ಇಳಿಸಲಿಲ್ಲ. 'ನೀ ಯಾರೇ ಇರು, ತೆಗೆಯೂದು ನನ್ನ ಕೆಲಸ' ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕಾಕು ಸುವರ್ಣಾಳ ಗದ್ದ ಹಿಡಿದು ಮುಖ ಎತ್ತಿದರು. ಆ ಹೆಂಗಸು ಮೆಲ್ಲಗೆ ಕೈ ಇಳಿಸಿದಳು... ಮರುಕ್ಷಣ ಅಲ್ಲಿ ಚೀಲಗಳಷ್ಟೇ ಇದ್ದವು.

ಎಲ್ಲ ಮುಗಿದ ಮೇಲೆ ಬರಿಗಾಲಲ್ಲಿ ಆ ಮೂಲೆಗೆ ಹೋದೆ. ಕಾಲಿಟ್ಟವಳೇ ಹಿಂದೆಗೆದೆ. ನೆಲದ ಕಲ್ಲು ಸುಡುತ್ತಿತ್ತು. ಒಂದು ಮೊಳ ಆಚೆಯ ಕಲ್ಲು ತಣ್ಣಗಿತ್ತು.

ಮದುವೆಯಾಗಿ ಎಂಟನೇ ದಿನ, ವಿಡಿಯೊ ನೋಡಲು ಕಾಕಾ ಸ್ಟುಡಿಯೊಕ್ಕೆ ಬಂದರು, ಜೊತೆಗೆ ಸುವರ್ಣಾ. ಆ ಜಾಗ ಬಂದಾಗ ಕಾಕಾ ಕುರ್ಚಿಯಿಂದ ಎದ್ದೇಬಿಟ್ಟರು.

"ತಂಗಿ, ಇದನ್ನ ತಗದ್ ಹಾಕು. ಹುಕ್ಕೇರಿ ಬೀಗರು ನೋಡಿದ್ರ ಏನಂದಾರು? ಮೊದಲನೇ ದಿನಾನ ಅಪಶಕುನ ಅಂದಾರು. ನಮ್ಮಾಕಿ ಹೇಳ್ಯಾಳ, ಅರಿಶಿಣ ಹತ್ತಿದ ಹಾಳಿ ತೋರ್ಸಿ ಬಣ್ಣಾ ಕೆಡಿಸಿಟ್ಟಿ ನೀ."

"ಹಾಳಿ ಹೊಲಸಿದ್ರ ಎಲ್ಲಾರೂ ನೀಲಿ ಆಗಬೇಕಿತ್ರಿ ಕಾಕಾ. ನಿಮ್ಮ ಮನಿಯವರು ನೀಲಿ ಅದಾರೇನು, ನೋಡ್ರಿ."

ಅವರು ನೋಡಲಿಲ್ಲ. ಸುವರ್ಣಾ ಮಾತ್ರ ಸ್ಕ್ರೀನಿಗೆ ಮುಖ ಹಚ್ಚುವಷ್ಟು ಹತ್ತಿರ ಹೋಗಿದ್ದಳು.

"ಅವ್ವ," ಎಂದಳು. "ಕಾಕಾ, ನಮ್ಮವ್ವ. ಶಾವಿಗಿ ಒಣಾ ಹಾಕಾಕ ಮಾಳಿಗಿ ಹತ್ತಿದ್ರ, ನಾ ಸಾಲಿಯಿಂದ ಬರೂದನ್ನ ಹಿಂಗ ಕೈ ಹಿಡದು ನೋಡತಿದ್ಲು. ಅವತ್ತೂ... ಬಿಸಿಲಾಗ ಅಲ್ಲೇ ಬಿದ್ಲಲ್ಲ, ಅವತ್ತೂ ನನ್ನ ದಾರೀನ ನೋಡಾಕತ್ತಿದ್ಲು. ನಾ ಬರೂದ್ರಾಗ..."

"ಸುವ್ವಿ, ಸುಮ್ನಿರ."

"ಆಧಾರ ಕಾರ್ಡಿನ್ಯಾಗಿಂದು ಬಿಟ್ರ ಆಕಿದು ಒಂದೂ ಫೋಟೊ ಇಲ್ಲ ಕಾಕಾ." ನನ್ನ ಕಡೆ ತಿರುಗಿದಳು. "ಅಕ್ಕಾ, ಅವ್ವನ್ನ ಕಟ್ ಮಾಡಬ್ಯಾಡ್ರಿ."

ಕಾಕಾ ನನ್ನನ್ನೇ ದುರುಗುಟ್ಟಿ ನೋಡಿದರು. "ತಗೀಲಿಲ್ಲಂದ್ರ ನಮ್ಮ ಮಂದ್ಯಾಗ ಒಂದ್ ಲಗ್ನಕ್ಕೂ ನಿನ್ನ ಕರಿಯೂದಿಲ್ಲ, ನೋಡ್."

"ಕರೀಬ್ಯಾಡ್ರಿ," ಎಂದೆ. "ನಾ ತಗಿಯೂದಿಲ್ಲ."

ಒಂದು ಸೆಕೆಂಡೂ ಕತ್ತರಿಸದೆ ಪೆನ್‌ಡ್ರೈವಿಗೆ ಹಾಕಿ ಸುವರ್ಣಾಳ ಕೈಗೇ ಕೊಟ್ಟೆ. ಅವಳು ಅದನ್ನು ಹುಕ್ಕೇರಿಗೆ ಒಯ್ದಳು. ಬೀಗರು ಏನೂ ಅನ್ನಲಿಲ್ಲವಂತೆ. ಅವಳ ಅತ್ತೆ ಎರಡು ಸಲ ನೋಡಿ, "ನಿಮ್ಮವ್ವ ನಿನ್ನಂಗ ಅದಾಳ" ಎಂದಳಂತೆ. ಕಾಕಾನ ಮಂದಿ ಅಂದಿನಿಂದ ನನ್ನನ್ನು ಕರೆದಿಲ್ಲ. ಬೇಡ.

ಕಾಕಾ ಇಲ್ಲದ ಒಂದು ಸಂಜೆ ಕಾಕು ನನ್ನನ್ನು ಮತ್ತೆ ಆ ನಡುಮನೆಗೆ ಬಿಟ್ಟರು. ಅವೇ ಬಲ್ಬು. ಬೇರೊಂದು ಹಾಳೆಗೆ ಪೂರ್ತಿ ಅರಿಶಿಣ ಬಳಿದು ಹೊಂದಿಸಿದೆ: ಇಡೀ ಕೋಣೆ ನೀಲಿಯಾಯಿತು. ಕಾಕುವನ್ನು ಆ ಮೂಲೆಯಲ್ಲಿ ನಿಲ್ಲಿಸಿ ಮೊಬೈಲ್ ಬೆಳಕು ಬಿಟ್ಟೆ: ನೆರಳು ಕಾಲಬುಡಕ್ಕೆ ಬರಲಿಲ್ಲ, ಹಿಂದಿನ ಗೋಡೆಗೆ ಹೋಯಿತು. ಆ ರಾತ್ರಿ ಕಂಡದ್ದು ಯಾವುದರಿಂದಲೂ ಬರಲಿಲ್ಲ.

ರಾತ್ರಿ ಕೆಲಸಕ್ಕೆ ಈಗಲೂ ಒಬ್ಬಳೇ ಹೋಗುತ್ತೇನೆ. ಕತ್ತಲೆಯ ಭಯ ನನಗಿಲ್ಲ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಮನೆಯ ಮಾಳಿಗೆ ಹತ್ತಲು ಹೋದರೆ ಕೊನೆಯ ಮೆಟ್ಟಿಲಲ್ಲಿ ಕಾಲು ನಿಂತುಬಿಡುತ್ತದೆ. ಮೇಲೆ ಯಾರೋ ಹುಬ್ಬಿಗೆ ಕೈ ಹಿಡಿದು ನಿಂತಿರಬಹುದು ಅನ್ನಿಸುತ್ತದೆ...

ಕಿಟಕಿಯಿಲ್ಲದ ಕೋಣೆಯಲ್ಲಿ, ರಾತ್ರಿ ಹೊತ್ತು, ಒಬ್ಬರ ಮೇಲೆ ಮಾತ್ರ ಬಿಸಿಲು ಬಿದ್ದದ್ದನ್ನು ನಿಮ್ಮ ಕ್ಯಾಮೆರಾದಲ್ಲೂ ಕಂಡವರಿದ್ದರೆ, ದಯವಿಟ್ಟು ನನಗೆ ಬರೆಯಿರಿ. ಹಾಳೆ ಹೊಲಸಾಗಿತ್ತು ಎಂದು ಮಾತ್ರ ಬರೆಯಬೇಡಿ. ಹಾಳೆ ನನ್ನ ಡೈರಿಯಲ್ಲೇ ಇದೆ. ಮೂಲೆಯಲ್ಲೊಂದು ಹೆಬ್ಬೆರಳು, ನಡುವೆ ಪೂರ್ತಿ ಬಿಳಿ.