ಕೊನೆಯ ಖಾಲಿ ಹಾಳೆಗಳು

ಪಾಂಡವಪುರದ ಪುಟ್ಟ ಕಂಪ್ಯೂಟರ್ ಕೇಂದ್ರದಲ್ಲಿ ನನ್ನ ಜೊತೆ ಪ್ರೋಗ್ರಾಂ ಬರೆಯುತ್ತಿದ್ದ ಹಿರಿಯರು, ಮೈಸೂರಿನಿಂದ ತಂದ ದಪ್ಪ ಕಂಪ್ಯೂಟರ್ ಪುಸ್ತಕಗಳನ್ನು ಹಿಂದಿನಿಂದಲೇ ತೆರೆಯುತ್ತಿದ್ದರು. ಮೊದಲ ಅಧ್ಯಾಯಗಳು ಹೊಸಬರಿಗೆ. ಪಳಗಿದವರಿಗೆ ಬೇಕಾದ್ದು ಬೇರೆ ಎಂಬುದು ಅವರ ಲೆಕ್ಕ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತಾ, "ಕೆಟ್ರೆ ಏನ್ ಮಾಡ್ಬೇಕು ಅಂತ ಬರ್ದವ್ನಾ?" ಎನ್ನುವರು. ಬರೆದಿರದಿದ್ದರೆ, "ಇವ್ನು ಕೂತು ಕೆಲ್ಸ ಮಾಡ್ದೋನಲ್ಲ ಬುಡು" ಎಂದು ಬೀರುವಿಗೆ ತಳ್ಳುವರು.

ಒಂದು ಬೆಳಿಗ್ಗೆ ನನ್ನ ಪ್ರೋಗ್ರಾಂ, ರೈತರ ಕಬ್ಬು ಕಡಿಯುವ ಸರದಿಯ ಪಟ್ಟಿಯನ್ನೆಲ್ಲ ಅಳಿಸಿಹಾಕಿತು. ನಾನು ಓಡಿಹೋಗಿ ಅವರಿಗೆ ಹೇಳಿದೆ. ಅವರು ಬೈಯಲಿಲ್ಲ; ತಾವೇ ಬೀರುವಿಗೆ ತಳ್ಳಿದ್ದ ಪುಸ್ತಕವೊಂದನ್ನು ತೆಗೆದು, "ಕೊನೇ ಹಾಳೆ ನೋಡ್ಲಾ" ಎಂದರು. ಅಲ್ಲಿನ ಖಾಲಿ ಹಾಳೆಗಳ ತುಂಬ, ಅಳಿಸಿದ್ದನ್ನು ಮರಳಿ ಪಡೆಯುವ ಬಗೆಯನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು.

ಮೊದಲ ಸಾಲು: 'ಗಾಬರಿ ಬೇಡ. ಇದೇ ತಪ್ಪನ್ನು ನಾನು ಎರಡು ಸಲ ಮಾಡಿದ್ದೇನೆ.'