ಹಳ್ಳದ ಆಚೆಗೆ ಬಂದ ನಕ್ಷೆ

ನಮ್ಮ ಮೂರನೇ ತರಗತಿಯ ಟೀಚರ್ ಅವರ ಸೆರಗಿನ ತುದಿ ಯಾವಾಗಲೂ ಕೆಂಪಗಿರುತ್ತಿತ್ತು. ಅದು ಇಟ್ಟಿಗೆಯ ಪುಡಿ. ಶಾಲೆಯ ಅಂಗಳಕ್ಕೆ ಹಾಸಿದ ಚಪ್ಪಡಿಗಳ ಮೇಲೆ ಇಟ್ಟಿಗೆ ಚೂರಿನಿಂದ ಗೆರೆ ಎಳೆಯುವರು, ತಪ್ಪಿದರೆ ಅದೇ ಸೆರಗಿನಿಂದ ಒರೆಸುವರು. ಬೆಳಿಗ್ಗೆ ಕೊಟ್ಟೂರು ಬಸ್ಸಿನಿಂದ ಇಸ್ತ್ರಿ ಸೀರೆಯಲ್ಲಿ ಇಳಿದವರು ಸಂಜೆ ಗಾರೆ ಕೆಲಸ ಮುಗಿಸಿದವರ ಹಾಗೆ ಹತ್ತಿ ಹೋಗುತ್ತಿದ್ದರು.

ಆ ವರ್ಷ ದಸರಾ ರಜೆ ಮುಗಿದ ಮೇಲೆ ನಾವು ಕಲಿತದ್ದು ನಮ್ಮೂರಿನ ನಕ್ಷೆ. ಪುಸ್ತಕದಲ್ಲಿ ಅದು ಒಂದು ಪುಟದ ಪಾಠ. ಟೀಚರ್ ಅದನ್ನು ಬೇಸಿಗೆ ರಜೆಯವರೆಗೂ ಎಳೆದರು. ಹೆಜ್ಜೆ ಹಾಕಿ ಓಣಿ ಅಳೆದದ್ದು ಲೆಕ್ಕ, ಅಂಗಡಿಯ ಬೋರ್ಡು ಓದಿದ್ದು ಕನ್ನಡ. ವಾರಕ್ಕೊಂದು ಓಣಿ ಸುತ್ತಿಸಿ, ಆ ಓಣಿಯ ಮಕ್ಕಳ ಮನೆಯಲ್ಲಿ ನೀರು ಕುಡಿಸಿಕೊಂಡು, ಬಂದ ಮೇಲೆ ಚಪ್ಪಡಿಯ ಮೇಲೆ ಬರೆಸುವುದು ಅವರ ಪದ್ಧತಿ. "ನಡದು ನೋಡದೇ ಗೆರಿ ಹಾಕಬ್ಯಾಡ್ರಿ" ಎನ್ನುತ್ತಿದ್ದರು. ಒಬ್ಬ ಹುಡುಗ ತಮ್ಮ ಮನೆಯ ಎಮ್ಮೆಯನ್ನು ಶಾಲೆಗಿಂತ ದೊಡ್ಡದಾಗಿ ಬರೆದ. ಟೀಚರ್ ಬೈಯಲಿಲ್ಲ. "ಇದು ಮಲಗಿದ್ರ ನಾವು ಪಾಠ ಎಲ್ಲಿ ಮಾಡಾಣಪ್ಪ?" ಎಂದರು. ಅವನೇ ನಾಚಿ ಒರೆಸಿದ.

ಬಜಾರು, ಹನುಮಪ್ಪನ ಗುಡಿ, ಅಂಚೆ ಕಚೇರಿ ಎಲ್ಲ ಬಂದವು. ಗೆರೆ ಹಳ್ಳದ ಸೇತುವೆಗೆ ಬಂದು ನಿಂತಿತು. ಇಲ್ಲಿಗೆ ಊರು ಮುಗಿಯಿತು ಎಂದು ಮಕ್ಕಳೆಲ್ಲ ಇಟ್ಟಿಗೆ ಕೆಳಗಿಟ್ಟರು. ನನ್ನ ಇಟ್ಟಿಗೆ ಚೂರು ಇನ್ನೂ ಕೈಯಲ್ಲೇ ಇತ್ತು. ನಮ್ಮ ಕೇರಿ ಇದ್ದದ್ದು ಹಳ್ಳದ ಆಚೆ. ಅಲ್ಲಿ ಊರಿನವರು ಯಾರೂ ನೀರು ಕುಡಿಯುತ್ತಿರಲಿಲ್ಲ.

ಟೀಚರ್ ನನ್ನ ಕಡೆ ತಿರುಗಿದರು. "ನೀನು ದಿನಾ ಎಲ್ಲಿಂದ ಬರ್ತೀಯವ್ವಾ?"

"ಹಳ್ಳದ ಆಚಿಂದ್ರಿ."

"ಹಂಗಾರ ಊರು ಇನ್ನೂ ಐತಿ" ಎಂದವರು, ನಾಳೆ ಆ ಕಡೆ ಹೋಗೋಣ ಎಂದು ಹೇಳಿ, ಶಾಲೆ ಬಿಡುವ ಗಂಟೆ ಹೊಡೆಸಿದರು.

ಸಂಜೆ ಕೂಲಿಯಿಂದ ಬಂದ ಅವ್ವನಿಗೆ ಹೇಳಿದೆ. ಅವಳು ಬೂದಿ ಹಚ್ಚಿ ಕೊಡ ತಿಕ್ಕಿದಳು, ಅಂಗಳ ಸಾರಿಸಿದಳು, ಅಕ್ಕಪಕ್ಕದ ಮನೆಗಳಿಂದ ಸ್ಟೀಲಿನ ಲೋಟ ಕೂಡಿಸಿದಳು. ಎಲ್ಲ ಆದ ಮೇಲೆ ಮೆಲ್ಲಗೆ ಕೇಳಿದಳು: "ಕುಡೀತಾರೇನ?" ನನಗೂ ಗೊತ್ತಿರಲಿಲ್ಲ. ಅವರು ಕುಡಿಯದೆ ತಿರುಗಿದರೆ ಮರುದಿನ ಯಾವ ಮುಖ ಹೊತ್ತು ಶಾಲೆಗೆ ಹೋಗಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಬೆಳಿಗ್ಗೆ ಸಾಲಾಗಿ ಹೊರಟೆವು. ಗುಡಿಯ ಕಟ್ಟೆಯ ಮೇಲೆ ಎಮ್ಮೆ ಬರೆದ ಹುಡುಗನ ಅಜ್ಜ ಕುಳಿತಿದ್ದರು. ಊರಲ್ಲಿ ಅವರ ಮಾತು ನಡೆಯುತ್ತಿತ್ತು. "ಆ ಕಡಿ ನೋಡಾಕ ಏನೈತ್ರಿ ಟೀಚರ್? ನಕ್ಷಿ ಇಲ್ಲಿಗೇ ಸಾಕು ಮಾಡ್ರಿ" ಎಂದರು.

ಟೀಚರ್ ನಿಂತು ನಮಸ್ಕಾರ ಮಾಡಿದರು. "ಸಾಕು ಮಾಡಬೌದ್ರಿ ಯಜಮಾನ್ರ. ಆದ್ರ ಅರ್ಧ ನಕ್ಷಿಗೆ ಅರ್ಧ ಮಾರ್ಕ್ಸೇ ಬರ್ತಾವು. ನಿಮ್ಮ ಮೊಮ್ಮಗಂದೂ ಅರ್ಧ ಆಗ್ತತಿ."

ಅಜ್ಜ ಮೊಮ್ಮಗನನ್ನು ನೋಡಿದರು. ಮೊಮ್ಮಗ ಅಳುವ ಮುಖ ಮಾಡಿದ್ದ. ಅಜ್ಜ ಎಲೆ ಅಡಿಕೆ ಚೀಲ ಬಿಚ್ಚುತ್ತ ಬೇರೆ ಕಡೆ ತಿರುಗಿಕೊಂಡರು. ನಾವು ಸೇತುವೆ ದಾಟಿದೆವು.

ಅವ್ವ ಲೋಟಗಳ ತಟ್ಟೆಯನ್ನು ನಮ್ಮ ಮನೆಯ ಕಟ್ಟೆಯ ಮೇಲಿಟ್ಟು ದೂರ ನಿಂತಿದ್ದಳು. ಟೀಚರ್ ಆ ತಟ್ಟೆಯನ್ನು ಎತ್ತಿ ಅವಳ ಕೈಗೇ ಕೊಟ್ಟು, ಅವಳ ಕೈಯಿಂದ ಒಂದು ಲೋಟ ತೆಗೆದುಕೊಂಡು ಕುಡಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಟೀಚರ್ ಯಾರಿಗೂ ಕುಡಿಯಿರಿ ಎನ್ನಲಿಲ್ಲ. ಖಾಲಿ ಲೋಟ ಚಾಚಿ, "ಇನ್ನೊಂದೀಟು ಹಾಕವ್ವ, ಬಿಸಲು ಭಾಳ ಐತಿ" ಎಂದರು.

"ನನಗೂ ಬೇಕ್ರಿ" ಎಂದವನು ಆ ಎಮ್ಮೆಯ ಹುಡುಗ. ಅವನ ಹಿಂದೆ ಎಲ್ಲರೂ ಬಂದರು. ಕೊಡ ಬರಿದಾಗಿ, ಅವ್ವ ಪಕ್ಕದ ಮನೆಗೆ ನೀರಿಗೆ ಓಡಿದಳು. ಅವಳು ಅಷ್ಟು ಹಗುರಾಗಿ ಓಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ರಜೆಗೆ ಮೊದಲು ಪಾಲಕರ ಸಭೆ. ನಾವು ಕಲಿತದ್ದನ್ನು ತೋರಿಸಬೇಕಿತ್ತು; ಅದಕ್ಕೆ ಟೀಚರ್ ಭಾಷಣ ಇಡಲಿಲ್ಲ. ಅಂಗಳದ ಚಪ್ಪಡಿಗಳ ತುಂಬ ಬರೆದ ನಕ್ಷೆಯಲ್ಲಿ ನಿಮ್ಮ ನಿಮ್ಮ ಮನೆ ಹುಡುಕಿ ನಿಂತುಕೊಳ್ಳಿ ಎಂದರು. ಶಾಲೆಯ ಗೇಟಿನ ಹೊರಗೇ ನಿಂತು ನನ್ನನ್ನು ಕರೆಯುತ್ತಿದ್ದ ಅವ್ವ ಅಂದು ಒಳಗೆ ಬಂದಳು. ಯಾರ ಮನೆಯ ಗೆರೆಯನ್ನೂ ತುಳಿಯದೆ, ಬಜಾರು ದಾಟಿ, ಗುಡಿ ದಾಟಿ, ಸೇತುವೆ ದಾಟಿ, ನಮ್ಮ ಮನೆಯ ಕೆಂಪು ಚೌಕದ ಮುಂದೆ ನಿಂತು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟಳು. ನಕ್ಕವರಿದ್ದರು. ಟೀಚರ್ ನಗಲಿಲ್ಲ. ಗುಡಿಯ ಪಕ್ಕದ ಚೌಕದಲ್ಲಿ ಚಪ್ಪಲಿ ಮೆಟ್ಟಿಯೇ ನಿಂತಿದ್ದ ಅಜ್ಜ ಒಮ್ಮೆ ತಮ್ಮ ಕಾಲು ನೋಡಿಕೊಂಡು, ಚಪ್ಪಲಿಯನ್ನು ಗೆರೆಯ ಆಚೆ ಬಿಟ್ಟರು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೂವಿನಹಡಗಲಿಯ ಹಾಸ್ಟೆಲಿನಲ್ಲಿದ್ದು, ಮೆಸ್ಸಿನ ಊಟ ಮಾಡಿ, ಹಳೆಯ ಪುಸ್ತಕದಲ್ಲೇ ಓದಿದೆ. ಟೀಚರ್ ಆದೆ. ನೇಮಕದ ಆದೇಶ ಕೈಗೆ ಬಂದ ದಿನ ಕೊಟ್ಟೂರಿಗೆ ಹೋಗಿ ನಮ್ಮ ಟೀಚರಿಗೆ ತೋರಿಸಿದೆ. ಆಗಲೇ ಹಾಸಿಗೆ ಹಿಡಿದಿದ್ದರು. ಯಾವ ಕ್ಲಾಸು ಎಂದು ಕೇಳಿದರು. ಮೂರನೇದು ಎಂದೆ. "ಹಂಗಾರ ಇಟ್ಟಂಗಿ ಕೂಡಿಸಿಟ್ಕ" ಎಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು. ಅವರ ಮಣ್ಣಿಗೆ ಹೋದಾಗ ಊರಿಂದ ಅವ್ವನೂ ಬಂದಿದ್ದಳು.

ಈ ವರ್ಷ ಚಿಗಟೇರಿ ಕಡೆಯ ನನ್ನ ಶಾಲೆಯ ಮಕ್ಕಳೂ ನಕ್ಷೆ ಕಲಿಯುತ್ತಿದ್ದಾರೆ. ನಾನು ಒಂದನ್ನು ಮಾತ್ರ ಬದಲಿಸಿದ್ದೇನೆ. ಬಜಾರಿನಿಂದ ಅಲ್ಲ, ಊರಾಚೆಯ ಲಂಬಾಣಿ ತಾಂಡಾದ ಕೊನೆಯ ಮನೆಯಿಂದ ಶುರು ಮಾಡಿದ್ದೇವೆ. ಸಂಜೆ ಮನೆಗೆ ಹೋದರೆ ಅವ್ವ ನನ್ನ ಸೆರಗಿನ ತುದಿ ಹಿಡಿದು ನೋಡಿ, ಇವತ್ತು ಎಲ್ಲಿ ತನಕ ಬಂದ್ರಿ ಎಂದು ಕೇಳುತ್ತಾಳೆ.