ಮಾತ್ರೆ ತಪ್ಪಿಸಿದ್ದು ನಿಮ್ಮ ತಾತನಲ್ಲ

ಮಾದೇಶ, ಚಂದನಾ — ನಿಮ್ಮ ತಾತ ಮಾತ್ರೆ ಉಗುಳಲಿಲ್ಲ. ನಿಮ್ಮಜ್ಜಿ ನಾನೇ ಕೊಡಲಿಲ್ಲ. ಅವರ ಬಲಗೈ ಬಿದ್ದುಹೋದದ್ದು ಮೊಂಡುತನದಿಂದ ಎಂದು ಮನೆಯವರೆಲ್ಲ ಹೇಳುತ್ತಾರೆ, ನೀವೂ ಹೇಳಿ ನಕ್ಕಿದ್ದೀರಿ. ಅದು ನನ್ನಿಂದ ಆದದ್ದು.

ತಾತನಿಗೆ ಎಚ್‌ಐವಿ ಇತ್ತು. ದೊಡ್ಡವರಾದ ಮೇಲೆ ಮಕ್ಕಳಿಗೆ ಹೇಳು ಎಂದು ಅವರೇ ಅಂದಿದ್ದರು. ನನಗೆ ಅಂಟಿರಲಿಲ್ಲ. ಅವರಿಗೆ ಇರುವುದು ಗೊತ್ತಾದದ್ದೇ ಮಿದುಳಿಗೆ ಇನ್ನೊಂದು ರೋಗ ಬಂದಾಗ — ಕಣ್ಣಿಗೆ ಕಾಣದ ಯಾವುದೋ ಪರಾವಲಂಬಿ ಜೀವಿಯಿಂದ. ತಲೆನೋವು, ಫಿಟ್ಸು. ಮೈಸೂರಿನಲ್ಲಿ ಅದಕ್ಕೆ ಮಾತ್ರೆ ಕೊಟ್ಟರು, ಚೇತರಿಸಿಕೊಂಡು ಧನಗೆರೆಗೆ ಬಂದರು. ಆಮೇಲೆ ಎಚ್‌ಐವಿ ಮಾತ್ರೆಯೂ ಶುರುವಾಯಿತು. ಸ್ವಲ್ಪ ದಿನಕ್ಕೇ ಜ್ವರ, ಮತ್ತೆ ತಲೆನೋವು, ಬಲಗೈ ಜೋಮು.

ನಾನು ರೇಷ್ಮೆಹುಳು ಸಾಕಿದವಳು. ಹೊಸ ತೋಟದ ಸೊಪ್ಪು ತಿಂದು ಹುಳು ಜಡ್ಡಾದರೆ ಯಾರನ್ನೂ ಕೇಳುವುದಿಲ್ಲ, ಮೊದಲು ಆ ಸೊಪ್ಪು ನಿಲ್ಲಿಸುತ್ತೇವೆ. ನನಗೆ ಹೊಳೆದದ್ದೂ ಅಷ್ಟೇ. ತಾತನ ಕಣ್ಣು ಮಂಜಾಗಿತ್ತು. ನಾನು ಅಂಗೈಯಲ್ಲಿಟ್ಟದ್ದನ್ನು ನುಂಗುತ್ತಿದ್ದರು. ಹೊಸದು ಹಳೆಯದು ಎಲ್ಲವನ್ನೂ ತಿಪ್ಪೆಗೆಸೆದು ಬರೀ ಶಕ್ತಿಯ ಮಾತ್ರೆ ಕೊಟ್ಟೆ. ಜ್ವರ ಇಳಿಯಿತು. ಎಷ್ಟು ಖುಷಿಪಟ್ಟಿದ್ದೆ ನಾನು...

ಫಿಟ್ಸು ತಿರುಗಿ ಬಂತು. ಎಚ್ಚರವಾದಾಗ ಬಲಗೈ ಏಳಲಿಲ್ಲ.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನೇ ಕೇಳಿದರು, "ಮಾತ್ರೆ ತಪ್ಪಿಸಿದ್ರಾ?"

"ಇಲ್ಲ ಕಣ್ರವ್ವ. ಒಂದೂ ತಪ್ಸಿಲ್ಲ."

ಮಂಚದ ಮೇಲಿದ್ದ ತಾತ ನನ್ನ ಮುಖ ನೋಡಿದರು — ಮುಖದಲ್ಲೇ ಎಲ್ಲ ಇತ್ತೇನೋ. "ನಾನೇ ಉಗೀತಿದ್ದೆ ಕಣವ್ವ, ಕಹಿ ಅಂತ. ಅವಳ್ನ ಏನೂ ಅನ್ಬ್ಯಾಡಿ."

"ಚಿಕ್ಕ ಮಕ್ಕಳಿಗಿಂತ ಕಡೆ ಆದ್ರಲ್ಲ ಯಜಮಾನ್ರೇ!" ಎಂದು ರೇಗಿದ ಡಾಕ್ಟರಮ್ಮ ಆಮೇಲೆ ಬಿಡಿಸಿ ಹೇಳಿದರು: "ಎಚ್‌ಐವಿ ನಿಮ್ಮ ಮೈ ಕಾವಲನ್ನ ಕೆಡಿಸಿತ್ತು. ಮಾತ್ರೆಯಿಂದ ಕಾವಲು ಚೇತರಿಸ್ಕೊಂಡಾಗ, ಮಿದುಳಲ್ಲಿ ಉಳಿದಿದ್ದ ಆ ಜೀವಿ ಮೇಲೆ ಒಂದೇ ಸಲ ಬಿತ್ತು. ಆ ಜ್ವರ ಬಂದದ್ದು ಅದಕ್ಕೆ. ಆಗಲೇ ಇಲ್ಲಿಗೆ ಬಂದಿದ್ರೆ ಬಾವು ಇಳಿಸಿ ಮಾತ್ರೆ ಮುಂದುವರಿಸ್ತಿದ್ವಿ. ನೀವು ನಿಲ್ಲಿಸಿದ್ರಿ, ಆ ಜೀವಿಗೆ ದಾರಿಯಾಯ್ತು."

ನಾನು ಬಾಯಿ ಬಿಡಬಹುದಿತ್ತು. ನೆಲ ನೋಡುತ್ತಾ ನಿಂತೆ.

ಡಾಕ್ಟರಮ್ಮ ಹೋದ ಮೇಲೆ, "ಯಾಕ್ರೀ ಅಂಗಂದ್ರಿ?" ಎಂದು ನಾನು ಅತ್ತುಬಿಟ್ಟೆ.

"ಸುಮ್ನಿರಮ್ಮಿ. ಸೊಪ್ಪು ನಿಲ್ಸ್ದಂಗೆ ನಿಲ್ಸ್ಬುಟ್ಟೆ ಅಲ್ವಾ? ನನ್ ಕೈಲೂ ಗೂಡು ಕಟ್ಟುಸ್ಬೇಕು ಅಂತಿದ್ಯೇನೋ!" ಎಂದು ಸೊಟ್ಟ ಬಾಯಲ್ಲೇ ನಕ್ಕರು.

ಮತ್ತೆಂದೂ ಆ ಮಾತೆತ್ತಲಿಲ್ಲ. ಅದೇ ಮಾತ್ರೆಗಳನ್ನು, ಅದೇ ನನ್ನ ಕೈಯಿಂದ ಮತ್ತೆ ತೆಗೆದುಕೊಂಡರು — ಏನು ಕೊಟ್ಟೆ ಎಂದು ಒಂದು ದಿನವೂ ಕೇಳದೆ. ಅವು ಅವರನ್ನು ವರ್ಷಗಟ್ಟಲೆ ಉಳಿಸಿದವು. ಎಡಗೈಯಲ್ಲಿ ಮುದ್ದೆ ಮುರಿಯಲು ಕಲಿತರು, ನಿಮ್ಮಿಬ್ಬರನ್ನೂ ಅದೇ ಕೈಯಲ್ಲಿ ಎತ್ತಿ ಆಡಿಸಿದರು. ಆ ಡಾಕ್ಟರಮ್ಮನಿಗೆ, ಆ ಮಾತ್ರೆಗಳಿಗೆ ನಾನು ದಿನವೂ ಕೈ ಮುಗಿಯುತ್ತೇನೆ. ತಾತನಿಗೆ — ಏನೆಂದು ಮುಗಿಯಲಿ? ಮೊಂಡ ಎನ್ನಿಸಿಕೊಂಡೇ ಹೋದರು, ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಗೊತ್ತಿಲ್ಲದೆ ಮಾತ್ರೆ ಎಸೆದೆ, ಗೊತ್ತಿದ್ದೂ ಸುಮ್ಮನಿದ್ದೆ. ಎರಡನೆಯದೇ ದೊಡ್ಡದು.

ನನಗೆ ನಾಲ್ಕು ಜನರೆದುರು ಮಾತು ಹೊರಡುವುದಿಲ್ಲ, ಅದಕ್ಕೇ ಬರೆದೆ. ನಾನು ಸತ್ತ ಮೇಲೆ ಓದಿ ಎನ್ನುತ್ತಿಲ್ಲ. ಬರುವ ಪಿತೃಪಕ್ಷದಲ್ಲಿ ತಾತನಿಗೆ ಎಡೆ ಇಟ್ಟು ಎಲ್ಲರೂ ಊಟಕ್ಕೆ ಕೂತಾಗ, ನಾನೂ ಅಲ್ಲಿರುವಾಗ, ಗಟ್ಟಿಯಾಗಿ ಓದಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ — ನಾನೇ ಬಂದು ವಾಪಸು ಕೇಳಿದರೂ ಕೊಡಬೇಡಿ.